ಕೆಳಪೇಟೆಗೆ ಬಂದ ಗಾಳಿ

ಹುಣಸಿಹೊಂಡದ ಹಿರೇಕೆರೆಯಲ್ಲಿ ಮೇ ತಿಂಗಳಲ್ಲೂ ನೀರು ನಿಂತ ಮೊದಲ ವರ್ಷ, ಊರವರು ಅದನ್ನು ನೋಡಲೆಂದೇ ಏರಿಯ ಮೇಲೆ ಬಂದು ಹೋಗುತ್ತಿದ್ದರು. ಯುಗಾದಿ ಕಳೆಯುತ್ತಿದ್ದಂತೆ ತಳ ಕಾಣಿಸುತ್ತಿದ್ದ ಕೆರೆ ಅದು. ಅದರ ನೀರು ಎಲ್ಲೂ ಸೋರುತ್ತಿರಲಿಲ್ಲ, ಯಾರೂ ಕದಿಯುತ್ತಿರಲಿಲ್ಲ. ಬಿಸಿಲು, ಗಾಳಿ ಎರಡೂ ಸೇರಿ ಇಡೀ ಊರು ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ತಾವೇ ಕುಡಿದುಬಿಡುತ್ತಿದ್ದವು. ಅದನ್ನು ನಿಲ್ಲಿಸಿದ್ದು ಪ್ರೊಫೆಸರ್ ಮಾಣಿಕರಾವ್ ದೇಶಮುಖರ ಪೊರೆ.

ಪೊರೆ ಕಣ್ಣಿಗೆ ಕಾಣುವಂಥದ್ದಲ್ಲ. ಅದರ ದಪ್ಪ ಒಂದೇ ಒಂದು ಅಣುವಿನಷ್ಟು. ಒಂದು ಕೊಡ ದ್ರಾವಣ ಸುರಿದರೆ ಇಡೀ ಕೆರೆಗೆ ಸಾಕಾಗಿ ಮಿಕ್ಕುತ್ತದೆ. ನೀರಿನ ಮೇಲೆ ಹೀಗೆ ಮೇಣದಂಥ ಪದರ ಹರಡುವ ಉಪಾಯ ಹಳೆಯದೇ. ಆದರೆ ಒಂದು ಜೋರು ಗಾಳಿ ಬೀಸಿದರೆ ಆ ಪದರ ಹರಿದು ದಡಕ್ಕೆ ಸೇರುತ್ತಿತ್ತು. ಮಾಣಿಕರಾಯರು ಜೀವಮಾನವಿಡೀ ಕೂತು ಕಟ್ಟಿದ ಅಣುಗಳು ಹರಿದರೂ ಮತ್ತೆ ತಾವಾಗಿಯೇ ಕೈ ಕೈ ಹಿಡಿದುಕೊಳ್ಳುತ್ತಿದ್ದವು. ಕೆಳಗಿನ ನೀರಿನ ಕಣಗಳು ಎಷ್ಟು ಕುಪ್ಪಳಿಸಿದರೂ ಆ ಕೈಗಳ ನಡುವೆ ನುಸುಳಲಾರದೆ ಹಿಂದಕ್ಕೆ ಬೀಳುತ್ತಿದ್ದವು.

ಒಂದೇ ಒಂದು ತೊಡಕು, ಮೀನುಗಳಿಗೂ ಗಾಳಿ ಬೇಕು. ಅದಕ್ಕಾಗಿ ಕೆರೆಯ ತುಂಬ ತಟ್ಟೆಯಗಲದ ಬಿಲ್ಲೆಗಳನ್ನು ತೇಲಬಿಟ್ಟಿದ್ದರು. ಕಿವಿಗೆ ಕೇಳದ ಒಂದು ಸ್ವರದಲ್ಲಿ ಅವು ಮಿಡಿದಾಗ ಸುತ್ತಲಿನ ಅಣುಗಳು ಕೈ ಸಡಿಲಿಸುತ್ತಿದ್ದವು, ನಿಂತಾಗ ಮತ್ತೆ ಹಿಡಿಯುತ್ತಿದ್ದವು. ದಿನಾ ನಸುಕಿನಲ್ಲಿ, ಗಾಳಿ ತಣ್ಣಗಿದ್ದು ನೀರು ಆರುವುದು ತೀರ ಕಡಿಮೆ ಇರುವ ಹೊತ್ತಿನಲ್ಲಿ, ಕೆರೆಯನ್ನು ಸ್ವಲ್ಪ ಕಾಲ ಹೀಗೆ ತೆರೆದು ಮುಚ್ಚಬೇಕು. ಏರಿಯ ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಆ ಕೆಲಸ ನೀಲಾಂಬಿಕೆಯದು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವಾಗ ಅವಳು ಮಾಣಿಕರಾಯರ ವಿದ್ಯಾರ್ಥಿನಿ. ಈಗ ಅವರು ಕೆರೆ ಸಮಿತಿಯ ಅಧ್ಯಕ್ಷರು, ಅವಳು ಅವರ ಬಲಗೈ.

ಮೊದಲ ಬೇಸಿಗೆಯಲ್ಲಿ ಊರಿಗೆ ಊರೇ ಹಿಗ್ಗಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಕೆಳಪೇಟೆಯ ಖೈರುನ್ನಿಸಾ. ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಹಪ್ಪಳ ಮಾಡಿಸುವವಳು ಅವಳು. ಒಂದು ದಿನ ಹಪ್ಪಳದ ಕಟ್ಟು ಹಿಡಿದು ಕೊಠಡಿಗೇ ಬಂದಳು.

“ತಗೋ ಬೇಟಿ. ಮೊದಲ ಸಂಜಿತನಕ ಹಪ್ಪಳ ಕಾಯ್ಬೇಕಿತ್ತು. ಈಗ ಮಧ್ಯಾಹ್ನಕ್ಕೇ ಖಡಕ್ ಆಗ್ಲಾಕತ್ತಾವ. ನಿಮ್ಮ ಪ್ರೊಫೆಸರ್ ಸಾಹೇಬ್ರು ಏನು ಜಾದೂ ಮಾಡ್ಯಾರೋ!”

“ಜಾದೂ ಏನಿಲ್ಲ ಅಮ್ಮಾ,” ಎಂದು ನೀಲಾ ನಕ್ಕಳು. “ಕೆರಿ ಮ್ಯಾಲಿಂದ ಬರೋ ಗಾಳಿ ಮೊದಲ ಹಸಿ ಇರ್ತಿತ್ತು. ಹೊಟ್ಟಿ ತುಂಬಿದವ್ರು ಊಟಕ್ಕ ಕುಂತಂಗ, ನಿಮ್ಮ ಹಪ್ಪಳದ ನೀರು ಅದಕ್ಕ ಹಿಡಿಸ್ತಿರ್ಲಿಲ್ಲ. ಈಗ ಒಣಗಿ ಹಸಕೊಂಡು ಬರ್ತದ.”

ಹೇಳುವಾಗ ಅವಳಿಗೆ ಅದು ಬರೀ ಹಪ್ಪಳದ ಮಾತಾಗಿತ್ತು.

ನೀಲಾಳ ಮನೆ ಮೇಲಿನ ಓಣಿಯಲ್ಲಿ, ಕೆರೆಯ ಪಡುವಣಕ್ಕೆ. ಬೇಸಿಗೆಯ ಗಾಳಿ ಪಡುವಣದಿಂದ ಬೀಸುವುದರಿಂದ ಅದು ಅವಳ ಮನೆಯನ್ನು ದಾಟಿದ ಮೇಲೆ ಕೆರೆಯನ್ನು ಹಾಯ್ದು, ಮೂಡಣದ ಕೆಳಪೇಟೆಯನ್ನು ಸೇರುತ್ತಿತ್ತು. ಅವಳ ಗಂಡ ರೇವಣಸಿದ್ಧ ಅದೇ ಕೆಳಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗಂಡಸು ನರ್ಸ್ ಎಂದು ಶುರುವಿನಲ್ಲಿ ಮುಖ ತಿರುಗಿಸಿದ್ದ ಮುದುಕಿಯರೇ ಈಗ “ರೇವಣ್ಣ ಇದ್ರ ಸೂಜಿ ನೋಯಂಗಿಲ್ಲ” ಎಂದು ಅವನ ಪಾಳಿ ನೋಡಿ ಸೊಸೆಯಂದಿರನ್ನು ಕರೆತರುತ್ತಿದ್ದರು.

ಎರಡನೆಯ ಬೇಸಿಗೆಯ ಒಂದು ಸಂಜೆ ಅವನು ಮನೆಗೆ ಬಂದವನೇ ಜಗಲಿಯಲ್ಲಿ ಅಡ್ಡಾಗಿಬಿಟ್ಟ. ನೀಲಾ ಮಜ್ಜಿಗೆ ತಂದಿಟ್ಟಳು.

“ಇಲ್ಲೆ ಎಷ್ಟ ಹಿತ ಅದ,” ಎಂದ ಅವನು ಕಣ್ಣು ಮುಚ್ಚಿಕೊಂಡೇ. “ಕೆಳಪ್ಯಾಟಿ ಈಗ ಕುಲುಮಿ ಆಗ್ಯಾದ ನೀಲಾ. ಬಾಣಂತ್ಯಾರು ತಲಿ ಎತ್ತಲಾರ್ದಂಗ ಮಲಗ್ಯಾರ. ಕೂಸುಗಳ ಮೈ ಮುಟ್ಟಿದ್ರ ಜ್ವರ ಬಂದಂಗ, ಖರೇ ಜ್ವರ ಅಲ್ಲ. ಇವತ್ತ ಒಂದಕ್ಕ ಸಲಾಯಿನ್ ಹಾಕ್ದೆವು.”

“ಈ ವರ್ಷ ಎಲ್ಲಾ ಕಡಿ ಬಿಸಿಲು ಭಾಳ.”

“ಎಲ್ಲಾ ಕಡಿ ಭಾಳ, ಖರೇ. ಆದ್ರ ನಾನು ದಿನಾ ಇಲ್ಲಿಂದ ಅಲ್ಲಿಗೆ ಸೈಕಲ್ ಮ್ಯಾಲೆ ಹೋಗ್ತೀನಿ. ಮೊದಲ ಏರಿ ದಾಟಿದ ಕೂಡ್ಲೆ ಮುಖಕ್ಕ ತಂಪ್ ಹೊಡೀತಿತ್ತು. ಈಗ ಏರಿ ದಾಟಿದ ಕೂಡ್ಲೆ ಝಳ ಹೊಡೀತದ. ಇದಕ್ಕೂ ನಿಮ್ಮ ಪೊರಿಗೂ ಸಂಬಂಧ ಇಲ್ಲೇನು?”

“ಏನೂ ಇಲ್ಲ,” ಎಂದುಬಿಟ್ಟಳು ನೀಲಾ. ಆದರೆ ಮಜ್ಜಿಗೆಯ ಲೋಟ ಒಳಗೆ ತೆಗೆದುಕೊಂಡು ಹೋಗುವಾಗ ಅವಳಿಗೆ ಹಪ್ಪಳದ ಮಾತು ನೆನಪಾಯಿತು. ಖೈರುನ್ನಿಸಾಳಿಗೆ ತಾನೇ ಹೇಳಿದ ಮಾತಿನ ಇನ್ನೊಂದು ಮಗ್ಗುಲನ್ನು ಅವಳು ನೋಡಿರಲೇ ಇಲ್ಲ. ನೀರು ಆರುವುದೆಂದರೆ ಬರೀ ನೀರು ಕಾಣೆಯಾಗುವುದಲ್ಲ. ಹಾರಿ ಹೋಗುವ ಪ್ರತಿ ಕಣವೂ ಕೆಳಗಿನ ನೀರಿನಿಂದ ಶಾಖ ಕಿತ್ತುಕೊಂಡೇ ಹೋಗುತ್ತದೆ. ಅದಕ್ಕೇ ರೇವಣಸಿದ್ಧ ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟು ಅಷ್ಟು ತಣ್ಣಗೆ ಅನ್ನಿಸುವುದು; ಅದರ ಕಣಗಳಿಗೆ ಒಂದಕ್ಕೊಂದರ ಹಿಡಿತ ಕಡಿಮೆ, ನೀರಿಗಿಂತ ಬೇಗ ಹಾರುತ್ತವೆ, ಬೇಗ ಶಾಖ ಒಯ್ಯುತ್ತವೆ. ಇಷ್ಟು ಕಾಲ ಹಿರೇಕೆರೆ ಬೇಸಿಗೆಯುದ್ದಕ್ಕೂ ತನ್ನ ನೀರನ್ನು ಕಳೆದುಕೊಂಡಿದ್ದು ನಿಜ, ಆದರೆ ಕಳೆದುಕೊಳ್ಳುತ್ತಲೇ ತಾನೂ ತಣ್ಣಗಿದ್ದು ತನ್ನ ಮೇಲೆ ಹಾಯುವ ಗಾಳಿಯನ್ನೂ ತಣ್ಣಗೆ ಮಾಡಿ ಕೆಳಪೇಟೆಗೆ ಕಳಿಸುತ್ತಿತ್ತು.

ಮರುದಿನ ಕೊಠಡಿಯಲ್ಲಿ ಕೆರೆಯ ಮತ್ತು ಎರಡೂ ದಡದ ಮಾಪಕಗಳ ಹಳೆಯ ಅಂಕಿಗಳನ್ನು ತೆಗೆದು ನೋಡಿದಳು. ಪೊರೆ ಹರಡುವ ಮೊದಲಿಗಿಂತ ಈಗ ಮಧ್ಯಾಹ್ನದ ನೀರು ಎಷ್ಟೋ ಬಿಸಿ. ಕೆಳಪೇಟೆಯ ಗಾಳಿಯೂ ಹಾಗೇ. ಮೇಲಿನ ಓಣಿಯಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಅವಳು ಕಂಪ್ಯೂಟರ್ ತೆರೆಯನ್ನು ಮಾಣಿಕರಾಯರ ಕಡೆಗೆ ತಿರುಗಿಸಿದಳು.

ಮಾಣಿಕರಾಯರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಬಿಳಿ ಜುಬ್ಬಾದ ಎತ್ತರದ ಮನುಷ್ಯ. ಸುಳ್ಳಿಗೆ, ದುಂದಿಗೆ ಸಿಡುಕುವವರು. ಬೇರೆ ಯಾವುದಕ್ಕೂ ಅವರು ಕೋಪಿಸಿಕೊಂಡಿದ್ದನ್ನು ನೀಲಾ ಕಂಡಿರಲಿಲ್ಲ.

“ಲೆಕ್ಕ ಬರೋಬರಿ ಅದ,” ಎಂದರು ಕೊನೆಗೆ. “ಮುಂದೇನಂತಿ?”

“ಮಧ್ಯಾಹ್ನ ಬಿಲ್ಲಿ ಮಿಡಿಸಿ ಪೊರಿ ತೆಗಿಯೋಣ್ರಿ ಸರ್. ಬಿಸಿಲು ಇಳಿಯೋತನಕ.”

“ಮಧ್ಯಾಹ್ನ!” ಅವರ ದನಿ ಏರಿತು. “ಒಣಾ ಗಾಳಿ, ಉರಿ ಬಿಸಿಲು, ಅದರಾಗ ಬಿಸಿ ಆದ ನೀರು. ಕೆರಿ ಕುಡಿದು ಖಾಲಿ ಮಾಡ್ಲಾಕ ಇದಕ್ಕಿಂತ ಚಲೋ ಹೊತ್ತು ಇಲ್ಲ ನೀಲಾಂಬಿಕೆ. ನಾನು ಸಣ್ಣಾವ ಇದ್ದಾಗ ನಮ್ಮವ್ವ ಟ್ಯಾಂಕರ್ ಹಿಂದ ಓಡಿ ಬಿದ್ದು ಕೈ ಮುರಕೊಂಡಾಳ. ಆ ಕೈ ಕಡೀತನಕ ನೆಟ್ಟಗಾಗ್ಲಿಲ್ಲ. ಈ ಊರಾಗ ಇನ್ನ ಯಾರೂ ಟ್ಯಾಂಕರ್ ಹಿಂದ ಓಡಬಾರ್ದು ಅಂತ ಇದನ್ನ ಮಾಡೀನಿ. ಸೆಕಿ ಆದ್ರ ಪಂಖಾ ಹಾಕ್ಕೊಳ್ಳಿ. ನೀರಿಲ್ಲದಿದ್ರ ಏನು ಹಾಕ್ಕೊಳ್ತಾರ?”

ನೀಲಾ ತೆರೆಯನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಪಂಖದ ಮಾತಿಗೆ ಉತ್ತರ ಮುಂದಿನ ವಾರ ತಾನೇ ಬಂತು. ಸುತ್ತಲಿನ ಎಲ್ಲ ತಾಲೂಕುಗಳಲ್ಲೂ ಉರಿಬಿಸಿಲು, ಎಲ್ಲ ಮನೆಗಳಲ್ಲೂ ತಂಪು ಯಂತ್ರಗಳು. ಭಾರ ತಾಳದೆ ಒಂದು ಮಧ್ಯಾಹ್ನ ವಿದ್ಯುತ್ ಜಾಲವೇ ಕುಸಿಯಿತು. ಕೊಠಡಿಯ ಸೌರ ಫಲಕಗಳಿಂದ ಬಿಲ್ಲೆಗಳೇನೋ ನಡೆಯುತ್ತಿದ್ದವು. ಊರಿನಲ್ಲಿ ಒಂದು ಪಂಖವೂ ತಿರುಗುತ್ತಿರಲಿಲ್ಲ. ಆಸ್ಪತ್ರೆಯ ಜನರೇಟರ್ ಶಸ್ತ್ರಕ್ರಿಯೆಯ ಕೋಣೆಗೆ ಮಾತ್ರ ಸಾಲುತ್ತಿತ್ತು.

ರೇವಣಸಿದ್ಧ ಫೋನ್ ಮಾಡಿದ. ಹಿಂದೆ ಕೂಸುಗಳ ಅಳು ಕೇಳುತ್ತಿತ್ತು.

“ಹಾಸಿಗಿ ಚಾದರ ಎಲ್ಲಾ ತೊಯ್ಸಿ ಪಡಸಾಲಿ ಕಿಟಕಿಗೆ ಕಟ್ಟೀನಿ. ಅಲ್ಲೆ ಸ್ವಲ್ಪ ಜೀವ ಬಂದಂಗ ಆಗ್ಯಾದ. ಆದ್ರ ತೊಯ್ಸಿದ್ದು ತೊಯ್ಸಿದಂಗ ಒಣಗಿ ಹೊಂಟಾವ, ಟಾಕಿಗೆ ನೀರು ಏರಿಸ್ಲಾಕ ಮೋಟರ್ ಇಲ್ಲ. ಹೊರಗ ಮನಿ ಮನಿಯಾಗ ಮುದುಕ್ರು ಹುಡುಗ್ರು ಅವ್ರೆಲ್ಲ ಹ್ಯಾಂಗ ಇರ್ಬೇಕು? ನಿಮ್ಮ ಸಾಹೇಬ್ರಿಗೆ ಒಂದ್ಸಲ ಇಲ್ಲಿಗೆ ಬಾ ಅಂತ ಹೇಳು. ಲೆಕ್ಕ ಬ್ಯಾಡ. ಬಂದು ನಿಂದ್ರಲಿ ಸಾಕು.”

ನೀಲಾ ಫೋನಿನ ಮಾತನ್ನು ಹಾಗೇ ಮಾಣಿಕರಾಯರಿಗೆ ಹೇಳಿದಳು. ಅವರು ತಕ್ಷಣ ಎದ್ದರು. “ನಡಿ,” ಎಂದರು ಅಷ್ಟೇ. ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಏರಿ ಇಳಿದು ನಡೆದೇ ಹೊರಟರು.

ಕೆಳಪೇಟೆಯ ಬೀದಿಗಳಲ್ಲಿ ನಾಯಿಗಳೂ ಇರಲಿಲ್ಲ. ಮನೆಗಳ ಬಾಗಿಲಲ್ಲಿ ಜನ ತೊಯ್ದ ಗೋಣಿಚೀಲ ಕಟ್ಟಿಕೊಂಡು, ಬೀಸಣಿಗೆ ಬೀಸುತ್ತ ಕುಳಿತಿದ್ದರು. ಖೈರುನ್ನಿಸಾ ಹಪ್ಪಳದ ಕೆಲಸ ನಿಲ್ಲಿಸಿ ಹೆಂಗಸರನ್ನು ಮನೆಗೆ ಕಳಿಸಿದ್ದಳು. ಒಬ್ಬಾಕೆ ಉಂಡೆ ಒತ್ತುತ್ತಲೇ ಕಣ್ಣು ಕತ್ತಲಿಟ್ಟು ಬಿದ್ದಿದ್ದಳಂತೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲಾಗಿ ಬಾಣಂತಿಯರು. ಅಲ್ಲಿದ್ದ ಶರಣವ್ವ ಎಂಬ ಹೆಣ್ಣಿಗೆ ಹಿಂದಿನ ದಿನವಷ್ಟೇ ಹೆರಿಗೆಯಾಗಿತ್ತು. ಅವಳು ಕೂಸನ್ನು ಕಿಟಕಿಯ ಒದ್ದೆ ಚಾದರದ ಹತ್ತಿರಕ್ಕೆ ಎತ್ತಿ ಹಿಡಿದುಕೊಂಡು ನಿಂತಿದ್ದಳು. ಕಾಲು ನಡುಗುತ್ತಿದ್ದವು. ಕೂರೆಂದರೂ ಕೇಳಲೊಲ್ಲಳು.

“ಇಲ್ಲಿ ಹಿಡಿದ್ರ ಅಳಂಗಿಲ್ರಿ,” ಎಂದಳು ಮಾಣಿಕರಾಯರತ್ತ ನೋಡಿ. “ಕೆಳಗ ಇಟ್ರ ಬಾಯಿ ತೆಗೆದು ತೇಕತದ.”

ಮಾಣಿಕರಾಯರು ಚಾದರದ ಮುಂದೆ ಹೋಗಿ ನಿಂತರು. ಹೊರಗಿನ ಬೆಂಕಿಯಂಥ ಗಾಳಿ ಆ ಒದ್ದೆ ಬಟ್ಟೆಯನ್ನು ಹಾಯ್ದು ಅವರ ಮುಖಕ್ಕೆ ಬಂದಾಗ ತಣ್ಣಗಿತ್ತು. ಪಕ್ಕದ ಚಾದರ ಒಣಗಿಹೋಗಿತ್ತು. ಅದರ ಮುಂದೆಯೂ ನಿಂತರು. ಅಲ್ಲಿ ಝಳ. ರೇವಣಸಿದ್ಧ ಉಳಿದ ಅರ್ಧ ಬಕೆಟ್ಟಿನಲ್ಲಿ ಇನ್ನೊಂದು ಚಾದರ ಅದ್ದುತ್ತಿದ್ದ. ಅವರು ಬಗ್ಗಿ ಅದರ ಇನ್ನೊಂದು ತುದಿ ಹಿಡಿದು ಹಿಂಡಲು ಹೋದರು.

“ಹಿಂಡಬ್ಯಾಡ್ರಿ ಸರ್,” ಎಂದ ರೇವಣಸಿದ್ಧ. “ನೀರು ಅದರಾಗೇ ಇರ್ಲಿ.”

ಮಾಣಿಕರಾಯರ ಕೈ ನಿಂತಿತು. “ಮೂವತ್ತು ವರ್ಷ ಇದನ್ನೇ ಪಾಠ ಹೇಳೀನಿ,” ಎಂದರು ತಮಗೇ ಹೇಳಿಕೊಳ್ಳುವಂತೆ. ಆಮೇಲೆ ನೀಲಾಳತ್ತ ತಿರುಗಿದರು. “ನೀ ಓಡು. ಮೂಡಣ ದಂಡಿ ಕಡೀ ಬಿಲ್ಲಿ ಎಲ್ಲಾ ಮಿಡಿಸು. ಸಮಿತಿಗೆ ನಾನು ಉತ್ರ ಕೊಡ್ತೀನಿ.”

“ಮೂಡಣದ್ದಷ್ಟೇ?”

“ಅಷ್ಟೇ ಸಾಕು. ಪೂರಾ ಕೆರಿ ತೆಗೆದ್ರ ಗಾಳಿ ಆ ದಂಡಿಗೇ ಹೊಟ್ಟಿ ತುಂಬಿಸ್ಕೊಂಡು ಬಿಡ್ತದ. ಈ ದಂಡಿಗೆ ಬರೋ ಹೊತ್ತಿಗೆ ಕುಡಿಯೋ ಶಕ್ತಿ ಕಡಿಮಿ ಆಗ್ತದ, ನೀರೂ ಸುಮ್ನ ಹೋಗ್ತದ. ಒಣಾ ಗಾಳಿ ಪೊರಿ ಮ್ಯಾಲೆ ಒಣಗಿದಂಗೇ ಬರ್ಲಿ. ಪ್ಯಾಟಿ ಬಾಗಿಲದಾಗ ನೀರು ಕುಡೀಲಿ.”

ನೀಲಾ ಏರಿಯತ್ತ ಓಡಿದಳು. ಗುಂಡಿ ಒತ್ತಿದಾಗ ಕೆರೆಯಲ್ಲಿ ಏನೂ ಆದಂತೆ ಕಾಣಲಿಲ್ಲ. ಸದ್ದಿಲ್ಲ, ಅಲೆಯಿಲ್ಲ. ಮೂಡಣ ದಂಡೆಯ ನೀರು ಮಾತ್ರ ಬಿಸಿಲಲ್ಲಿ ಒಂದು ಬೇರೆ ರೀತಿ ಮಿನುಗಿತು. ಅವಳು ತೆರೆಯ ಮೇಲಿನ ಅಂಕಿಗಳಿಗೆ ಕಣ್ಣು ನೆಟ್ಟಳು. ಗಾಳಿಯ ತೇವ ಏರಿತು. ಉಷ್ಣತೆ ಇಳಿಯಲಿಲ್ಲ. ತೇವವೊಂದೇ ಏರಿ ಬಿಸಿ ಹಾಗೇ ಉಳಿದರೆ ಮೈಯ ಬೆವರೂ ಆರದೆ ಕೆಳಪೇಟೆಯ ಗತಿ ಇನ್ನೂ ಕೆಟ್ಟೀತು.

ರೇವಣಸಿದ್ಧನ ಫೋನಿನಿಂದ ಮಾಣಿಕರಾಯರ ದನಿ ಬಂತು. “ಏನಾತು?”

“ಸರ್, ಇನ್ನಾ ಇಳದಿಲ್ರಿ. ಮುಚ್ಚಲೇನ್ರಿ?”

“ನೀರಿನ ಮ್ಯಾಲಿನ ಪದರು ನೋಡು. ಗಾಳೀದು ನೋಡಬ್ಯಾಡ.”

ನೋಡಿದಳು. ಮೇಲ್ಪದರದ ನೀರು ತಣ್ಣಗಾಗುತ್ತಿತ್ತು. ನಿಧಾನವಾಗಿ, ಆದರೆ ಒಂದೇ ಸಮನೆ.

“ಮೊದಲ ಕೆರಿ ತಣ್ಣಗಾಗ್ಬೇಕು. ಆಮ್ಯಾಲೆ ಅದರ ಮ್ಯಾಲಿನ ಗಾಳಿ. ಕುಂದ್ರು, ನೀರು ಕುಡಿ,” ಎಂದರು ಅವರು.

ಅವಳು ನೀರು ಕುಡಿಯಲಿಲ್ಲ. ಕುರ್ಚಿಯ ಅಂಚಿನಲ್ಲೇ ಕುಳಿತಿದ್ದಳು. ಸುಮಾರು ಹೊತ್ತಾದ ಮೇಲೆ ಕೆಳಪೇಟೆಯ ಅಂಕಿ ಒಂದು ಸಲ ಅಲುಗಿತು, ಇಳಿಯಿತು, ಮತ್ತೆ ಇಳಿಯಿತು. ಅಷ್ಟರಲ್ಲಿ ಫೋನಿನಲ್ಲಿ ಯಾರದೋ ನಗು ಕೇಳಿಸಿತು. ಯಾರೋ ಹೆಂಗಸು, ಬಹುಶಃ ಶರಣವ್ವ, “ಬಂತು, ಬಂತು” ಎನ್ನುತ್ತಿದ್ದಳು. ರೇವಣಸಿದ್ಧ ಫೋನ್ ಕಸಿದುಕೊಂಡು, “ನೀಲಾ, ಒಣಗಿದ ಚಾದರದ ಕಡಿಯಿಂದನೂ ತಂಪ್ ಬರ್ಲಾಕತ್ತದ!” ಎಂದು ಕೂಗಿದ. ನೀಲಾ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಆಮೇಲೆ ನೀರು ಕುಡಿದಳು.

ಆ ಬೇಸಿಗೆಯಲ್ಲಿ ಕೆಳಪೇಟೆಯ ಆಸ್ಪತ್ರೆಯಿಂದ ಎಲ್ಲ ಕೂಸುಗಳೂ ತಾಯಂದಿರ ಮಡಿಲಲ್ಲೇ ಮನೆಗೆ ಹೋದವು.

ವಿದ್ಯುತ್ತು ಬಂದ ಮೇಲೆ ಜಗಳವೂ ಬಂತು. ಸಮಿತಿಯಲ್ಲಿ ಮೇಲಿನ ಓಣಿಯ ಹಿರಿಯರು ಎದ್ದು ನಿಂತು, ಊರಿನ ಕುಡಿಯುವ ನೀರನ್ನು ಗಾಳಿಗೆ ತೂರಲು ಅಧ್ಯಕ್ಷರಿಗೆ ಯಾರು ಅಧಿಕಾರ ಕೊಟ್ಟರೆಂದು ಕೇಳಿದರು. ಮಾಣಿಕರಾಯರು ವಾದಿಸಲಿಲ್ಲ. ಮುಂದಿನ ಸಭೆ ಮಧ್ಯಾಹ್ನ, ಕೆಳಪೇಟೆಯ ಶಾಲೆಯಲ್ಲಿ ಎಂದರು, ಪೊರೆ ಮುಚ್ಚಿರುತ್ತದೆ ಎಂದೂ ಸೇರಿಸಿದರು. ಸಭೆ ಅರ್ಧಕ್ಕೆ ಬರುವಷ್ಟರಲ್ಲಿ ಹಿರಿಯರೇ ಅಂಗಿಯ ಗುಂಡಿ ಬಿಚ್ಚಿ, “ಆತು ತೆಗೀರಿ ಮಾರಾಯ್ರ, ಆದ್ರ ಲೆಕ್ಕ ಇಟ್ಟು ತೆಗೀರಿ,” ಎಂದರು.

ಲೆಕ್ಕ ಇಡುವುದೇ ನೀಲಾಳಿಗೆ ಬೇಕಾಗಿದ್ದ ಕೆಲಸ. ಗುರು ಶಿಷ್ಯೆ ಇಬ್ಬರೂ ಆ ಮಳೆಗಾಲವಿಡೀ ಅದರಲ್ಲೇ ಮುಳುಗಿದರು. ಹಿಂದೆ ಕೆರೆ ಹಗಲೂ ರಾತ್ರಿ ಎಲ್ಲ ದಿಕ್ಕಿಗೂ ಆರುತ್ತಿತ್ತು. ಅದರ ತಂಪಿನಲ್ಲಿ ಬಹುಪಾಲು ಯಾರೂ ಇಲ್ಲದ ಹೊಲಗಳಿಗೆ ಹೋಗುತ್ತಿತ್ತು. ಈಗ ಗಾಳಿ ಪೇಟೆಯ ಕಡೆ ತಿರುಗಿದಾಗ ಮಾತ್ರ, ಬಿಸಿಲು ಮಿತಿಮೀರಿದಾಗ ಮಾತ್ರ, ಮೂಡಣದ ಒಂದು ಪಟ್ಟಿ ಮಾತ್ರ ತೆರೆದರೆ ಸಾಕು. ದಂಡೆಯುದ್ದಕ್ಕೂ ಸಣ್ಣ ಕಾರಂಜಿಗಳನ್ನೂ ಹಾಕಿದರು. ಒಂದೇ ಬೊಗಸೆ ನೀರನ್ನು ಹುಡಿಯಂಥ ಹನಿಗಳಾಗಿ ಒಡೆದರೆ ಗಾಳಿಗೆ ಸಿಗುವ ಮೈ ಎಷ್ಟೋ ಪಾಲು ಹೆಚ್ಚುತ್ತದೆ, ಹಾಗಾಗಿ ತೆರೆಯಬೇಕಾದ ಪಟ್ಟಿ ಇನ್ನೂ ಕಿರಿದಾಯಿತು. ಮುಂದಿನ ಬೇಸಿಗೆಯ ಕೊನೆಗೆ ಕೆರೆಯ ನೀರು ಪೂರ್ತಿ ಮುಚ್ಚಿಟ್ಟಿದ್ದ ವರ್ಷಕ್ಕಿಂತ ಕೆಳಗಿತ್ತು, ಆದರೆ ಮಳೆ ಬರುವತನಕ ಎಲ್ಲ ನಲ್ಲಿಗಳಲ್ಲೂ ನೀರು ಬಂತು.

ದೂರು ಬಾರದಿರಲಿಲ್ಲ. ಖೈರುನ್ನಿಸಾ ಮತ್ತೆ ಏರಿ ಹತ್ತಿ ಬಂದಳು, ಈ ಸಲ ಬರಿಗೈಯಲ್ಲಿ.

“ಅರೇ ಬೇಟಿ, ತಂಪ್ ಬಿಟ್ಟೀರಿ, ಖುಷಿ. ಆದ್ರ ಹಪ್ಪಳ ಮೆತ್ತಗ ಆಗ್ಲಾಕತ್ತಾವ. ಮುಟ್ಟಿದ್ರ ಮಾವಿನ ವಾಟಿ ಅಂಟಿದಂಗ ಕೈಗೆ ಅಂಟ್ತಾವ.”

“ಹನ್ನೆರಡರ ಒಳಗ ಒಣಗಿಸಿ ಒಳಗ ಇಡ್ರಿ ಅಮ್ಮಾ. ಅಲ್ಲಿತನಕ ನಾ ಪೊರಿ ತೆಗಿಯಂಗಿಲ್ಲ. ತೆಗಿಯೋಕಿಂತ ಮೊದಲ ಸೈರನ್ ಹಾಕ್ತೀನಿ.”

“ಹಂಗಾದ್ರ ಹೆಂಗಸ್ರು ನಸುಕಿನ್ಯಾಗ ಬರ್ಬೇಕಲ್ಲ?”

“ಮಧ್ಯಾಹ್ನ ಮಲಗ್ಲಿ ಅಮ್ಮಾ. ಈಗ ಮಲಗ್ಲಾಕ ಬರ್ತದಲ್ಲ.”

ಖೈರುನ್ನಿಸಾ ಒಂದು ಕ್ಷಣ ಯೋಚಿಸಿ, ಅದೂ ಖರೇ ಎಂದು ನಕ್ಕು ಇಳಿದು ಹೋದಳು. ಅಂದಿನಿಂದ ಕೆಳಪೇಟೆಯ ದಿನಚರಿಯೇ ಬದಲಾಯಿತು. ಬೆಳಗಿನ ಒಣ ಗಾಳಿಯಲ್ಲಿ ಹಪ್ಪಳ, ಬಟ್ಟೆ, ಮೆಣಸಿನಕಾಯಿ. ಸೈರನ್ ಆಗುತ್ತಲೇ ಎಲ್ಲವೂ ಒಳಗೆ, ಜನ ಹೊರಗೆ. ಕಟ್ಟೆಗಳ ಮೇಲೆ, ಬೇವಿನ ಮರಗಳ ಕೆಳಗೆ, ಅಂಗಡಿಗಳ ಮುಂದಿನ ಹಾಸುಗಲ್ಲಿನ ಮೇಲೆ ಚಾಪೆ ಬಿಚ್ಚಿಕೊಳ್ಳುತ್ತಿದ್ದವು. ರೇವಣಸಿದ್ಧ ತನ್ನ ಊಟದ ಹೊತ್ತನ್ನೂ ಅದಕ್ಕೇ ಹೊಂದಿಸಿಕೊಂಡ. ನೀಲಾ ಬುತ್ತಿ ಹಿಡಿದು ಏರಿಯಿಂದ ಇಳಿದು ಬರುವಳು. ಇಬ್ಬರೂ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿನ್ನುವರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಮಧ್ಯಾಹ್ನದ ಊಟ ಜೊತೆಗೆ ಮಾಡಿದ್ದು ಈಗಲೇ ಮೊದಲು.

ಪೊರೆಯ ಸುದ್ದಿ ಸುತ್ತ ಹರಡಿ, ಆ ಬೇಸಿಗೆಯಲ್ಲಿ ದೂರದ ಒಂದು ನಗರದ ನೀರು ಸರಬರಾಜಿನ ಅಧಿಕಾರಿಗಳ ತಂಡ ಅದನ್ನು ನೋಡಲು ಬಂತು. ಐದಾರು ಜನ, ಕೈಯಲ್ಲಿ ಕ್ಯಾಮರಾ, ಕೊರಳಲ್ಲಿ ಗುರುತಿನ ಪಟ್ಟಿ. ನಿಯಂತ್ರಣ ಕೊಠಡಿಯಲ್ಲಿ ನೀಲಾ ಅವರಿಗೆ ಬಿಲ್ಲೆಗಳನ್ನು, ಕಾರಂಜಿಗಳನ್ನು ತೋರಿಸಿದಳು. ತಂಡದ ಮುಖ್ಯಸ್ಥರು ಎಲ್ಲ ಕೇಳಿ, ಕೊನೆಗೆ ಮಾಣಿಕರಾಯರ ಕಡೆ ತಿರುಗಿದರು.

“ಎಲ್ಲಾ ಸರಿ ಸರ್. ಆದರೆ ಪೂರ್ತಿ ಮುಚ್ಚಿದರೆ ಇನ್ನೂ ಎಷ್ಟೋ ನೀರು ಉಳಿಸಬಹುದಿತ್ತಲ್ಲ. ಆ ನೀರೆಲ್ಲ ಎಲ್ಲಿ ಹೋಗ್ತಾ ಇದೆ?”

“ಬರ್ರಿ, ತೋರಿಸ್ತೀನಿ,” ಎಂದರು ಮಾಣಿಕರಾಯರು.

ಏರಿ ಇಳಿದು ಅವರನ್ನು ಕೆಳಪೇಟೆಗೆ ಕರೆದುಕೊಂಡು ಹೋದರು. ನೀಲಾ ಹಿಂದೆ ಹಿಂದೆ ನಡೆದಳು. ಸೈರನ್ ಆಗಿ ಬಹಳ ಹೊತ್ತಾಗಿತ್ತು. ಕೆರೆಯ ಕಡೆಯಿಂದ ಗಾಳಿ ಮೆಲ್ಲಗೆ ಬೀದಿಯಲ್ಲಿ ಹರಿಯುತ್ತಿತ್ತು. ಬೇವಿನ ಕಟ್ಟೆಯ ಮೇಲೆ ಹಪ್ಪಳದ ಹೆಂಗಸರು ಸೆರಗು ಹೊದ್ದು ಒರಗಿದ್ದರು. ಮುದುಕನೊಬ್ಬ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಒಬ್ಬ ತಾಯಿ, ಅವಳ ಮೈಗೆ ಅಂಟಿಕೊಂಡ ಒಂದು ವರ್ಷದ ಮಗು, ಅವರ ಕಾಲ ಬಳಿ ಒಂದು ನಾಯಿ.

ಮುಖ್ಯಸ್ಥರು ಅತ್ತಿತ್ತ ನೋಡಿದರು. ಯಂತ್ರವೇನಾದರೂ ಇದೆಯೋ ಎಂದು ಹುಡುಕುವಂತಿತ್ತು ಅವರ ನೋಟ. “ಎಲ್ಲಿ ಸರ್?” ಎಂದು ಗಟ್ಟಿಯಾಗಿ ಕೇಳಿದರು.

ಮಾಣಿಕರಾಯರು ತುಟಿಯ ಮೇಲೆ ಬೆರಳಿಟ್ಟರು.

“ಸಾವಕಾಶ ಮಾತಾಡ್ರಿ,” ಎಂದರು. “ಮಂದಿ ಮಲಗ್ಯಾರ.”